404, 500, 502: ವೆಬ್‌ಸೈಟ್ ಕಟ್ಟುವ ಹೊಸಬರು ಎರರ್ ಪೇಜ್ ಓದುವುದು ಹೇಗೆ?

ನವೆಂಬರ್ ಹತ್ತಿರ ಬಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ಒಂದು ದೃಶ್ಯ ಮಾಮೂಲು. ರಾಜ್ಯೋತ್ಸವಕ್ಕೆ ಹೆಸರು ನೋಂದಾಯಿಸಲು ಈ ಬಾರಿ ನಮ್ಮದೇ ವೆಬ್‌ಸೈಟ್ ಇರಲಿ ಎಂದು ಸಮಿತಿ ತೀರ್ಮಾನಿಸುತ್ತದೆ. ಆ ಕೆಲಸ ಕೋಡಿಂಗ್ ಕಲಿಯುತ್ತಿರುವ ಯಾರದೋ ಮಗಳ ತಲೆಗೆ ಬೀಳುತ್ತದೆ. ಆಕೆಯ ಲ್ಯಾಪ್‌ಟಾಪ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ. ಶನಿವಾರ ಸಂಜೆ ಲಿಂಕ್ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹೋಗುತ್ತದೆ. ಹತ್ತೇ ನಿಮಿಷದಲ್ಲಿ ಸ್ಕ್ರೀನ್‌ಶಾಟ್‌ಗಳು ವಾಪಸ್ ಬರಲು ಶುರು. ಬಿಳಿ ಪುಟ, ಮಧ್ಯದಲ್ಲಿ ಒಂದೇ ಸಾಲು: '500 ಇಂಟರ್ನಲ್ ಸರ್ವರ್ ಎರರ್'. ಇನ್ನೊಬ್ಬರಿಗೆ '404 ನಾಟ್ ಫೌಂಡ್'. ಮತ್ತೊಬ್ಬರಿಗೆ 'ದಿಸ್ ಸೈಟ್ ಕಾಂಟ್ ಬಿ ರೀಚ್ಡ್'.

ಈ ಹೊತ್ತಿನಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಎಂದರೆ ಮೂರನ್ನೂ ಒಂದೇ ಕಾಯಿಲೆ ಎಂದುಕೊಳ್ಳುವುದು. ಎರಡನೆಯದು, ಗಾಬರಿಯಲ್ಲಿ ಏಕಕಾಲಕ್ಕೆ ಐದಾರು ಕಡೆ ಕೋಡ್ ಬದಲಿಸುವುದು. ನಿಜವಾಗಿ ನೋಡಿದರೆ ಈ ಮೂರು ಪುಟಗಳು ಮೂರು ಬೇರೆ ಬೇರೆ ಜಾಗಗಳತ್ತ ಬೆರಳು ತೋರಿಸುತ್ತಿವೆ. ಎರರ್ ಪೇಜ್ ಓದಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಮಾತನಾಡುತ್ತಿರುವುದು ಬ್ರೌಸರ್ರೋ ಸರ್ವರ್ರೋ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಪುಟದಲ್ಲಿ 404, 500ರಂತಹ ಮೂರಂಕಿಯ ಸಂಖ್ಯೆ ಇದ್ದರೆ ಆ ಕಡೆಯಿಂದ ಯಾರೋ ಉತ್ತರ ಕೊಟ್ಟಿದ್ದಾರೆ ಎಂದರ್ಥ. ಸಂಖ್ಯೆ ಇಲ್ಲದೆ ಬರೀ 'ಸೈಟ್ ತಲುಪಲಾಗುತ್ತಿಲ್ಲ' ಎಂದಿದ್ದರೆ ಉತ್ತರವೇ ಬಂದಿಲ್ಲ, ಆ ಪುಟವನ್ನು ಬರೆದಿರುವುದು ನಿಮ್ಮ ಬ್ರೌಸರ್. ಇಂಟರ್ನೆಟ್ ಇಲ್ಲದಾಗ ಕ್ರೋಮ್‌ನಲ್ಲಿ ಬರುವ ಡೈನೋಸಾರ್ ಆಟವೂ ಇದೇ ಜಾತಿಯದು. ಉತ್ತರವೇ ಬಾರದಿದ್ದಾಗ ಪಿಎಚ್‌ಪಿ ಅಥವಾ ಪೈಥಾನ್ ಕೋಡ್ ತೆರೆದು ಕೂರುವುದು ವ್ಯರ್ಥ. ಮನೆಯ ಬಾಗಿಲೇ ಸಿಕ್ಕಿಲ್ಲ, ಅಡುಗೆಮನೆ ಪರೀಕ್ಷಿಸಿ ಏನು ಪ್ರಯೋಜನ?

ಬ್ರೌಸರ್ ಬರೆಯುವ ಪುಟಗಳಲ್ಲಿ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಂಕೇತ ಇರುತ್ತದೆ. ಬಹುತೇಕರು ಅದನ್ನು ಓದುವುದಿಲ್ಲ. ಅದರಲ್ಲಿ 'ಎನ್ಎಕ್ಸ್‌ಡೊಮೈನ್' ಎಂಬ ಪದ ಇದ್ದರೆ ಡಿಎನ್ಎಸ್ ಎಂಬ ಇಂಟರ್ನೆಟ್‌ನ ವಿಳಾಸ ಪುಸ್ತಕದಲ್ಲಿ ನೀವು ಕೊಟ್ಟ ಹೆಸರೇ ಇಲ್ಲ. ಸ್ಪೆಲಿಂಗ್ ತಪ್ಪಿರಬಹುದು, ಡೊಮೈನ್ ಹೊಸದಾಗಿ ಕೊಂಡಿದ್ದು ದಾಖಲೆ ಇನ್ನೂ ಹರಡಿಲ್ಲದಿರಬಹುದು ಅಥವಾ ನವೀಕರಣದ ಹಣ ಕಟ್ಟದೆ ಅವಧಿ ಮುಗಿದಿರಬಹುದು. ಸಂಘ ಸಂಸ್ಥೆಗಳ ವಿಷಯದಲ್ಲಿ ಕೊನೆಯದನ್ನೇ ಮೊದಲು ನೋಡುವುದು ಒಳ್ಳೆಯದು. ಡೊಮೈನ್ ಹಿಂದಿನ ಕಾರ್ಯದರ್ಶಿಯ ಇಮೇಲ್‌ನಲ್ಲಿ ನೋಂದಣಿಯಾಗಿದ್ದು, ನೆನಪೋಲೆಗಳೆಲ್ಲ ಅವರು ತೆರೆಯದ ಇನ್‌ಬಾಕ್ಸ್‌ಗೆ ಹೋಗುತ್ತಿರುವ ಸಾಧ್ಯತೆ ದೊಡ್ಡದು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದಲೇ ಮಾಯವಾಗಿದ್ದು ನೆನಪಿರಬಹುದು. ನಿರ್ವಹಣೆಯ ವೇಳೆ ಕೊಟ್ಟ ಒಂದು ಆದೇಶದಿಂದ ಕಂಪನಿಯ ಆಂತರಿಕ ಜಾಲ ಕಡಿದುಹೋಯಿತು. ಅದರ ಡಿಎನ್ಎಸ್ ಸರ್ವರ್‌ಗಳಿಗೆ ಹೋಗುವ ದಾರಿಯನ್ನೇ ಇಂಟರ್ನೆಟ್ ಮರೆತುಬಿಟ್ಟಿತು. ಸರ್ವರ್‌ಗಳು ಬದುಕಿದ್ದವು, ಅಲ್ಲಿಗೆ ಹೋಗುವ ವಿಳಾಸ ಮಾತ್ರ ಯಾರ ಬಳಿಯೂ ಇರಲಿಲ್ಲ.

'ರಿಫ್ಯೂಸ್ಡ್ ಟು ಕನೆಕ್ಟ್' ಎಂದು ಬಂದರೆ ಕಥೆ ಬೇರೆ. ಯಂತ್ರ ಸಿಕ್ಕಿದೆ, ಆದರೆ ನೀವು ತಟ್ಟಿದ ಬಾಗಿಲಿನ ಹಿಂದೆ ಯಾರೂ ಕೂತಿಲ್ಲ. ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಲೋಕಲ್‌ಹೋಸ್ಟ್ ತೆರೆದಾಗ ಇದು ಬಂದರೆ ಶೇಕಡಾ ನೂರಕ್ಕೆ ನೂರು ಎನ್ನುವಷ್ಟು ಸಲ ಕಾರಣ ಒಂದೇ: ಸರ್ವರ್ ಚಾಲೂ ಮಾಡಿಲ್ಲ, ಅಥವಾ ಚಾಲೂ ಆಗಿದ್ದು ಬೇರೆ ಪೋರ್ಟ್‌ನಲ್ಲಿ. ವಿಎಸ್ ಕೋಡ್‌ನ ಲೈವ್ ಸರ್ವರ್ ಮಾಮೂಲಾಗಿ 5500ರಲ್ಲಿ ಕೂರುತ್ತದೆ, ಜ್ಯಾಂಗೊ 8000ದಲ್ಲಿ, ವೀಟ್ 5173ರಲ್ಲಿ. ಒಂದು ಪಾಠ ನೋಡಿ ಕಲಿತು ಇನ್ನೊಂದು ಉಪಕರಣ ಬಳಸುವವರು 3000 ಎಂದು ಟೈಪ್ ಮಾಡಿ ತಲೆ ಚಚ್ಚಿಕೊಳ್ಳುವುದು ಹೊಸದೇನಲ್ಲ.

ನಿರಾಕರಣೆಯೂ ಇಲ್ಲದೆ ಬ್ರೌಸರ್ ಅರ್ಧ ನಿಮಿಷ ತಿರುಗಿ 'ಟುಕ್ ಟೂ ಲಾಂಗ್ ಟು ರೆಸ್ಪಾಂಡ್' ಎಂದರೆ ಫೈರ್‌ವಾಲ್ ಮೇಲೆ ಅನುಮಾನ ಪಡಬೇಕು. ಕ್ಲೌಡ್‌ನಲ್ಲಿ ಹೊಸ ಯಂತ್ರ ಬಾಡಿಗೆಗೆ ಪಡೆದವರು 80 ಮತ್ತು 443 ಪೋರ್ಟ್‌ಗಳನ್ನು ತೆರೆಯಲು ಮರೆತಾಗ ಆಗುವುದು ಇದೇ.

ಇನ್ನು 'ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್' ಎಂಬ ಕೆಂಪು ಎಚ್ಚರಿಕೆ. ಇದು ಸುರಕ್ಷತಾ ಪ್ರಮಾಣಪತ್ರದ ತಕರಾರು. ಉಚಿತವಾಗಿ ಸಿಗುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರದ ಮಾಮೂಲು ಅವಧಿ 90 ದಿನ. ಅವಧಿ ಮುಗಿಯುತ್ತಿದೆ ಎಂದು ಇಮೇಲ್ ಕಳುಹಿಸುವ ಸೇವೆಯನ್ನು ಆ ಸಂಸ್ಥೆ 2025ರ ಜೂನ್‌ನಲ್ಲಿ ನಿಲ್ಲಿಸಿದೆ. ಹಾಗಾಗಿ ತಾನಾಗಿಯೇ ನವೀಕರಣವಾಗುವ ವ್ಯವಸ್ಥೆ ಮಾಡದಿದ್ದರೆ ಮೂರು ತಿಂಗಳ ನಂತರ ಸೈಟ್ ಕೆಂಪಾಗುತ್ತದೆ. ಒಬ್ಬರಿಗೆ ಮಾತ್ರ ಈ ಎಚ್ಚರಿಕೆ ಬಂದು ಉಳಿದವರಿಗೆ ಸರಿಯಾಗಿದ್ದರೆ ಅವರ ಕಂಪ್ಯೂಟರ್‌ನ ದಿನಾಂಕ ಸರಿಯಿದೆಯೇ ಎಂದು ಕೇಳಿ.

ಮೂರಂಕಿಯ ಮೊದಲ ಅಂಕಿ

ಸಂಖ್ಯೆ ಬಂದಿದ್ದರೆ ಮೊದಲ ಅಂಕಿ ನೋಡಿದರೆ ಸಾಕು, ದಿಕ್ಕು ಗೊತ್ತಾಗುತ್ತದೆ. 2ರಿಂದ ಶುರುವಾದರೆ ಕೆಲಸ ಆಗಿದೆ. 3 ಎಂದರೆ ಬೇರೆಡೆ ಹೋಗಿ ಅಥವಾ ನಿಮ್ಮ ಬಳಿ ಇರುವ ಹಳೆಯ ಪ್ರತಿಯನ್ನೇ ಬಳಸಿ. 4 ಎಂದರೆ ಕೇಳಿದ್ದರಲ್ಲಿ ತಪ್ಪಿದೆ. 5 ಎಂದರೆ ಕೇಳಿದ್ದು ಸರಿ, ಕೊಡುವವರ ಕಡೆ ಎಡವಟ್ಟಾಗಿದೆ. 1ರಿಂದ ಶುರುವಾಗುವವು ಹೊಸಬರ ಕಣ್ಣಿಗೆ ಬೀಳುವುದೇ ಅಪರೂಪ.

ವೆಬ್ ಹುಟ್ಟಿದಾಗ ಈ ಸಂಖ್ಯೆಗಳಿರಲಿಲ್ಲ. ಟಿಮ್ ಬರ್ನರ್ಸ್ ಲೀ ಸ್ವಿಟ್ಜರ್ಲೆಂಡ್‌ನ ಸರ್ನ್ ಸಂಸ್ಥೆಯಲ್ಲಿ ರೂಪಿಸಿದ 1991ರ ಎಚ್‌ಟಿಟಿಪಿಯಲ್ಲಿ ಪುಟ ಕೇಳುವುದು, ಪುಟ ಕೊಡುವುದು ಎರಡೇ ಇದ್ದವು. ತಪ್ಪಾದರೆ ಅದನ್ನೂ ಮನುಷ್ಯರು ಓದುವ ಒಂದು ಪುಟವಾಗಿಯೇ ಕಳುಹಿಸಲಾಗುತ್ತಿತ್ತು. ಮೂರಂಕಿಯ ಉತ್ತರ ಕೊಡುವ ರೂಢಿ ಅದಕ್ಕೂ ಮೊದಲೇ ಇಮೇಲ್ ಮತ್ತು ಫೈಲ್ ವರ್ಗಾವಣೆಯ ನಿಯಮಗಳಲ್ಲಿ ಇತ್ತು. ವೆಬ್ ಕೂಡ ಅದೇ ದಾರಿ ಹಿಡಿಯಿತು. 1996ರ ಮೇ ತಿಂಗಳಲ್ಲಿ ಬಂದ ಆರ್‌ಎಫ್‌ಸಿ 1945 ಎಂಬ ದಾಖಲೆಯಲ್ಲಿ 404, 500, 503 ಎಲ್ಲವೂ ಇವೆ. ಈಗ ಚಾಲ್ತಿಯಲ್ಲಿರುವುದು 2022ರ ಜೂನ್‌ನ ಆರ್‌ಎಫ್‌ಸಿ 9110.

404 ಎಂಬುದು ಸರ್ನ್ ಕಟ್ಟಡದ ಒಂದು ಕೋಣೆಯ ಸಂಖ್ಯೆ, ಮೊದಲ ಸರ್ವರ್ ಅಲ್ಲೇ ಇತ್ತು ಎಂಬ ಕಥೆ ಇಂಟರ್ನೆಟ್ ತುಂಬ ಓಡಾಡುತ್ತದೆ. ಇದು ಕಟ್ಟುಕಥೆ. ಬರ್ನರ್ಸ್ ಲೀ ಜೊತೆ ವೆಬ್ ಕಟ್ಟಿದ ರಾಬರ್ಟ್ ಕೈಯೊ ಅವರೇ ಇದನ್ನು ತಳ್ಳಿಹಾಕಿದ್ದಾರೆ. ಆದರೆ 418 ಮಾತ್ರ ನಿಜವಾದ ತಮಾಷೆ. 1998ರ ಏಪ್ರಿಲ್ 1ರಂದು ಲ್ಯಾರಿ ಮಾಸಿಂಟರ್ ಬರೆದ ಮೂರ್ಖರ ದಿನದ ದಾಖಲೆಯ ಪ್ರಕಾರ, ಕಾಫಿ ಮಾಡು ಎಂದು ಟೀ ಪಾತ್ರೆಗೆ ಹೇಳಿದರೆ ಅದು ಕೊಡಬೇಕಾದ ಉತ್ತರ 418, 'ನಾನು ಟೀ ಪಾತ್ರೆ'.

404: ಇದೆ, ಆದರೂ ಸಿಗುತ್ತಿಲ್ಲ

ಹೊಸಬರನ್ನು ಅತಿ ಹೆಚ್ಚು ಕಾಡುವುದು ಇದೇ. ಫೈಲ್ ಕಣ್ಣೆದುರೇ ಇದೆ, ಸರ್ವರ್ ಮಾತ್ರ ಇಲ್ಲ ಎನ್ನುತ್ತದೆ. ಸರ್ವರ್ ಸುಳ್ಳು ಹೇಳುವುದಿಲ್ಲ. ನೀವು ಕೇಳಿದ ಹೆಸರಿನಲ್ಲಿ, ನೀವು ಕೇಳಿದ ಜಾಗದಲ್ಲಿ ಫೈಲ್ ಇಲ್ಲ ಎಂದಷ್ಟೇ ಅದು ಹೇಳುತ್ತಿದೆ.

ಮೊದಲ ಶಂಕಿತ, ಇಂಗ್ಲಿಷಿನ ದೊಡ್ಡಕ್ಷರ ಮತ್ತು ಚಿಕ್ಕಕ್ಷರ. ವಿಂಡೋಸ್‌ಗೆ ಎರಡೂ ಒಂದೇ. ಮ್ಯಾಕ್‌ನಲ್ಲೂ ಮಾಮೂಲು ವ್ಯವಸ್ಥೆ ಹಾಗೆಯೇ. ಆದರೆ ಬಹುತೇಕ ವೆಬ್ ಸರ್ವರ್‌ಗಳು ಓಡುವ ಲಿನಕ್ಸ್‌ನಲ್ಲಿ ದೊಡ್ಡ 'ಎಲ್' ಇರುವ ಲೋಗೋ ಬೇರೆ, ಚಿಕ್ಕ 'ಎಲ್' ಇರುವ ಲೋಗೋ ಬೇರೆ. ನನ್ನ ಕಂಪ್ಯೂಟರ್‌ನಲ್ಲಿ ಬರುತ್ತಿತ್ತಲ್ಲ ಎಂಬ ಗೋಳಿನ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ. ಎಲ್ಲ ಫೈಲ್ ಹೆಸರುಗಳನ್ನೂ ಚಿಕ್ಕಕ್ಷರದಲ್ಲಿ, ನಡುವೆ ಖಾಲಿ ಜಾಗ ಬಿಡದೆ ಇಡುವ ಅಭ್ಯಾಸ ಮಾಡಿಕೊಂಡರೆ ಈ ತಲೆನೋವೇ ಇರುವುದಿಲ್ಲ.

ಎರಡನೆಯದು ನೋಟ್‌ಪ್ಯಾಡ್‌ನ ಕಿತಾಪತಿ. ಇಂಡೆಕ್ಸ್.ಎಚ್‌ಟಿಎಂಎಲ್ ಎಂದು ಉಳಿಸಿದ್ದು ನಿಜವಾಗಿ ಇಂಡೆಕ್ಸ್.ಎಚ್‌ಟಿಎಂಎಲ್.ಟಿಎಕ್ಸ್‌ಟಿ ಆಗಿರುತ್ತದೆ. ವಿಂಡೋಸ್ ಕೊನೆಯ ತುಂಡನ್ನು ಮರೆಮಾಡುವುದರಿಂದ ನೋಡಿದವರಿಗೆ ತಿಳಿಯುವುದಿಲ್ಲ. ಫೋಲ್ಡರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆಯ್ಕೆ ಮಾಡಿದರೆ ನಿಜ ಹೊರಬರುತ್ತದೆ.

ಮೂರನೆಯದು ದಾರಿ. ಚಿತ್ರದ ವಿಳಾಸದ ಮುಂದೆ ಓರೆಗೆರೆ ಹಾಕಿದರೆ ಸೈಟ್‌ನ ಬುಡದಿಂದ ಹುಡುಕು ಎಂದರ್ಥ, ಹಾಕದಿದ್ದರೆ ಈ ಪುಟ ಇರುವ ಜಾಗದಿಂದ ಹುಡುಕು ಎಂದರ್ಥ. ಗಿಟ್‌ಹಬ್ ಪೇಜಸ್‌ನಲ್ಲಿ ಪ್ರಾಜೆಕ್ಟ್ ಇಟ್ಟವರಿಗೆ ಈ ಒಂದು ಗೆರೆ ದುಬಾರಿ. ಅಲ್ಲಿ ಸೈಟ್ ಇರುವುದು ಪ್ರಾಜೆಕ್ಟ್ ಹೆಸರಿನ ಉಪಫೋಲ್ಡರ್‌ನಲ್ಲಿ. ಓರೆಗೆರೆ ಇದ್ದರೆ ಬ್ರೌಸರ್ ಆ ಫೋಲ್ಡರ್ ದಾಟಿ ಮೇಲೆ ಹೋಗಿ ಹುಡುಕುತ್ತದೆ. ಪುಟ ಬರುತ್ತದೆ, ಬಣ್ಣ ಮತ್ತು ಚಿತ್ರ ಬರುವುದಿಲ್ಲ.

ಇಂತಹ ಸಂದರ್ಭದಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಎಂಬ ಟ್ಯಾಬ್ ತೆರೆದು, ಪುಟವನ್ನು ರಿಫ್ರೆಶ್ ಮಾಡಿ. ಪುಟ ಕೇಳಿದ ಪ್ರತಿಯೊಂದು ಫೈಲ್, ಅದಕ್ಕೆ ಬಂದ ಸಂಖ್ಯೆ ಸಾಲಾಗಿ ಕಾಣುತ್ತದೆ. ಕೆಂಪಾಗಿರುವುದರ ಮೇಲೆ ಕ್ಲಿಕ್ ಮಾಡಿದರೆ ಬ್ರೌಸರ್ ನಿಜವಾಗಿ ಕೇಳಿದ ಪೂರ್ತಿ ವಿಳಾಸ ಸಿಗುತ್ತದೆ. ನೀವು ಕೇಳಿದ್ದೀರಿ ಎಂದುಕೊಂಡ ವಿಳಾಸಕ್ಕೂ ಅದಕ್ಕೂ ಇರುವ ವ್ಯತ್ಯಾಸವೇ ಉತ್ತರ. ಅದೇ ಟ್ಯಾಬ್‌ನಲ್ಲಿ 'ಡಿಸೇಬಲ್ ಕ್ಯಾಷ್' ಎಂಬುದಕ್ಕೂ ಟಿಕ್ ಹಾಕಿ. ಸರಿಪಡಿಸಿದ ಮೇಲೂ ಹಳೆಯ ಪ್ರತಿಯನ್ನೇ ನೋಡುತ್ತಾ ಗಂಟೆ ಕಳೆದವರಿಗೆ ಲೆಕ್ಕವಿಲ್ಲ.

ಕನ್ನಡದಲ್ಲಿ ಹೆಸರಿಟ್ಟರೆ

ಕನ್ನಡ ಸೈಟ್ ಕಟ್ಟುವವರಿಗೆ ಮಾತ್ರ ಎದುರಾಗುವ, ಇಂಗ್ಲಿಷ್ ಪಾಠಗಳಲ್ಲಿ ಸಿಗದ 404 ಕೂಡ ಇದೆ. ಫೈಲ್‌ಗೆ ಕನ್ನಡದಲ್ಲಿ ಹೆಸರಿಡಬಹುದು, ವಿಳಾಸದಲ್ಲೂ ಕನ್ನಡ ಬಳಸಬಹುದು. ಆದರೆ ವಿಳಾಸ ಸರ್ವರ್‌ಗೆ ಹೋಗುವಾಗ ರೂಪ ಬದಲಿಸುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು, ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಗಳಾಗುತ್ತದೆ. 'ಕನ್ನಡ' ಎಂಬ ಪದದಲ್ಲಿ ಕಣ್ಣಿಗೆ ಮೂರು ಅಕ್ಷರ ಕಂಡರೂ ಒತ್ತಕ್ಷರ ಬಿಡಿಸಿದರೆ ಐದು ಸಂಕೇತ. ಅಂದರೆ 15 ಬೈಟ್, ವಿಳಾಸದಲ್ಲಿ 45 ಚಿಹ್ನೆ. ಉದ್ದದ ಕನ್ನಡ ಲಿಂಕ್ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಹಾಕಿದಾಗ ಅದು ಶೇಕಡಾ ಚಿಹ್ನೆಗಳ ಸರಮಾಲೆಯಾಗುವುದು ಇದರಿಂದಲೇ. ಮಧ್ಯೆ ಎಲ್ಲಾದರೂ ತುಂಡಾದರೆ 404.

ಇದಕ್ಕಿಂತ ತರಲೆಯದು ಕಾಣದ ಅಕ್ಷರ. 'ಸಾಫ್ಟ್‌ವೇರ್' ಎಂದು ಬರೆಯುವಾಗ 'ವೇ' ಒತ್ತಾಗದಂತೆ ತಡೆಯಲು ನಡುವೆ ಜೀರೋ ವಿಡ್ತ್ ನಾನ್ ಜಾಯಿನರ್ ಎಂಬ ಅಗಲವಿಲ್ಲದ ಸಂಕೇತ ಹಾಕಬೇಕಾಗುತ್ತದೆ. ಕನ್ನಡ ಟೈಪ್ ಮಾಡುವವರಿಗೆ ಇದು ಅಭ್ಯಾಸ. ಆದರೆ 'ಆಲ್ಬಮ್' ಎಂಬ ಪದದ ಕೊನೆಯಲ್ಲಿ ಅದು ಸೇರಿಕೊಂಡರೆ ನೋಟದಲ್ಲಿ ಏನೇನೂ ವ್ಯತ್ಯಾಸವಿಲ್ಲ, ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ ಹೆಸರು. 'ಕೋ', 'ಹೋ'ಗಳಂತಹ ದೀರ್ಘ ಗುಣಿತಾಕ್ಷರಗಳನ್ನೂ ಯೂನಿಕೋಡ್‌ನಲ್ಲಿ ಒಂದೇ ಸಂಕೇತದಿಂದ ಅಥವಾ ತುಂಡು ತುಂಡಾಗಿ ಬರೆಯಬಹುದು. ಎರಡೂ ಕಾಣುವುದು ಒಂದೇ ರೀತಿ. ಫೈಲ್ ಹೆಸರನ್ನು ಒಬ್ಬರು, ಲಿಂಕನ್ನು ಇನ್ನೊಬ್ಬರು ಬೇರೆ ಕೀಬೋರ್ಡ್‌ನಲ್ಲಿ ಟೈಪ್ ಮಾಡಿದರೆ ಗಂಟೆಗಟ್ಟಲೆ ದಿಟ್ಟಿಸಿದರೂ ತಪ್ಪು ಕಾಣದು. ಹೆಸರನ್ನು ಮತ್ತೆ ಟೈಪ್ ಮಾಡದೆ ಕಾಪಿ ಮಾಡಿ ಅಂಟಿಸುವುದು ಸದ್ಯದ ಉಪಾಯ. ಪುಟದೊಳಗೆ ಕನ್ನಡ, ಫೈಲ್ ಹೆಸರು ಇಂಗ್ಲಿಷ್ ಎಂಬ ನಿಯಮ ಭಾಷಾಭಿಮಾನಕ್ಕೆ ಸ್ವಲ್ಪ ಚುಚ್ಚಬಹುದು, ನಿದ್ದೆಗೆ ಒಳ್ಳೆಯದು.

ಪುಟ ಬಂದು ಕನ್ನಡದ ಜಾಗದಲ್ಲಿ ವಿಚಿತ್ರ ಲ್ಯಾಟಿನ್ ಅಕ್ಷರಗಳು ಕಂಡರೆ ಅದಕ್ಕೆ ಯಾವ ಎರರ್ ಸಂಖ್ಯೆಯೂ ಇರುವುದಿಲ್ಲ, ಸರ್ವರ್ 200 ಎಂದೇ ಹೇಳುತ್ತದೆ. ಪುಟದ ತಲೆಯಲ್ಲಿ ಮೆಟಾ ಕ್ಯಾರ್‌ಸೆಟ್ ಯುಟಿಎಫ್-8 ಎಂಬ ಸಾಲು ಇದೆಯೇ ನೋಡಿ. ಇದ್ದರೂ ಹಾಗೆಯೇ ಕಂಡರೆ ಆ ಬರಹ ನುಡಿ ಅಥವಾ ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಆಗಿರಬಹುದು. ಸಂಘದ ಹಳೆಯ ಸ್ಮರಣ ಸಂಚಿಕೆಯ ಲೇಖನಗಳನ್ನು ಸೈಟ್‌ಗೆ ಹಾಕುವಾಗ ಇದು ಬಹಳ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತರದೆ ಬೇರೆ ದಾರಿಯಿಲ್ಲ. ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಸ್ವಲ್ಪ ದುಃಖದ ಸುದ್ದಿ. ಡೇಟಾಬೇಸ್‌ಗೆ ಕನ್ನಡ ಬರೆಯುವಾಗಲೇ ಅಕ್ಷರಗಳು ಕಳೆದುಹೋಗಿರುವ ಸಾಧ್ಯತೆ ಹೆಚ್ಚು, ಮತ್ತೆ ತುಂಬಬೇಕಾಗುತ್ತದೆ.

403, 405 ಮತ್ತು ಉಳಿದವು

403 ಎಂದರೆ ಇದೆ, ಕೊಡುವುದಿಲ್ಲ. ಹೊಸ ಸೈಟ್‌ನ ಮುಖಪುಟದಲ್ಲೇ ಇದು ಬಂದರೆ ಫೋಲ್ಡರ್‌ನಲ್ಲಿ ಇಂಡೆಕ್ಸ್ ಫೈಲ್ ಇಲ್ಲ ಎಂದು ಮೊದಲು ಅನುಮಾನಿಸಿ. ತೋರಿಸಲು ಮುಖಪುಟವಿಲ್ಲ, ಒಳಗಿನ ಪಟ್ಟಿ ತೋರಿಸಲು ಅನುಮತಿಯಿಲ್ಲ, ಹಾಗಾಗಿ ನಿರಾಕರಣೆ. ಇಲ್ಲವೆಂದರೆ ಫೈಲ್ ಅನುಮತಿಯ ಸಮಸ್ಯೆ. ಸಾಮಾನ್ಯವಾಗಿ ಫೈಲ್‌ಗೆ 644, ಫೋಲ್ಡರ್‌ಗೆ 755 ಸಾಕು. 777 ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆ ಸಿಕ್ಕರೆ ಕೇಳಬೇಡಿ, ಅದು ಆ ಯಂತ್ರದಲ್ಲಿರುವ ಯಾರು ಬೇಕಾದರೂ ಬರೆಯಲಿ ಎಂದು ಬಾಗಿಲು ತೆರೆದಿಟ್ಟಂತೆ. 401 ಎಂದರೆ ಲಾಗಿನ್ ಆಗಿಲ್ಲ. 405 ಬಂದರೆ ಫಾರ್ಮ್ ಪೋಸ್ಟ್ ವಿಧಾನದಲ್ಲಿ ಕಳುಹಿಸುತ್ತಿದೆ, ಆ ವಿಳಾಸ ಗೆಟ್ ಮಾತ್ರ ಒಪ್ಪುತ್ತದೆ, ಅಥವಾ ತಿರುಗಾಮುರುಗಾ. ಜ್ಯಾಂಗೊ ಕಲಿಯುವವರಿಗೆ ಸರ್ವರ್‌ಗೆ ಹಾಕಿದೊಡನೆ 400 ಬಂದರೆ ಸೆಟ್ಟಿಂಗ್ಸ್‌ನ ಅಲೋಡ್ ಹೋಸ್ಟ್ಸ್ ಪಟ್ಟಿಯಲ್ಲಿ ಡೊಮೈನ್ ಹೆಸರು ಸೇರಿಸಿಲ್ಲ.

500: ಪುಟ ನೋಡಬೇಡಿ, ಲಾಗ್ ನೋಡಿ

500 ಪುಟವನ್ನು ಎಷ್ಟು ಹೊತ್ತು ನೋಡಿದರೂ ಉಪಯೋಗವಿಲ್ಲ. ಅದು ಬೇಕೆಂದೇ ಏನನ್ನೂ ಹೇಳುವುದಿಲ್ಲ. ವಿವರ ಹೇಳಿದರೆ ದಾರಿಹೋಕರಿಗೂ ನಿಮ್ಮ ಸರ್ವರ್‌ನ ಒಳಗುಟ್ಟು ತಿಳಿಯುತ್ತದೆ. ನಿಜವಾದ ದೂರು ಬರೆದಿರುವುದು ಲಾಗ್ ಎಂಬ ಡೈರಿಯಲ್ಲಿ. ಉಬುಂಟು ಸರ್ವರ್‌ನಲ್ಲಿ ವಾರ್ ಫೋಲ್ಡರ್‌ನ ಒಳಗಿರುವ ಲಾಗ್ ಫೋಲ್ಡರ್‌ಗೆ ಹೋದರೆ ಅಪಾಚೆ2 ಅಥವಾ ಎನ್‌ಜಿನ್‌ಎಕ್ಸ್ ಹೆಸರಿನಡಿ ಎರರ್.ಲಾಗ್ ಸಿಗುತ್ತದೆ. ಬಾಡಿಗೆ ಹೋಸ್ಟಿಂಗ್‌ನಲ್ಲಿ ನಿಯಂತ್ರಣ ಫಲಕದಲ್ಲೇ 'ಎರರ್ಸ್' ಎಂಬ ಗುಂಡಿ ಇರುತ್ತದೆ. ವರ್ಡ್‌ಪ್ರೆಸ್ ಆದರೆ ಕಾನ್ಫಿಗ್ ಫೈಲ್‌ನಲ್ಲಿ ಡಿಬಗ್ ಮತ್ತು ಡಿಬಗ್ ಲಾಗ್ ಎರಡನ್ನೂ ಚಾಲೂ ಮಾಡಿ, ತೆರೆಯ ಮೇಲೆ ತೋರಿಸುವ ಡಿಬಗ್ ಡಿಸ್‌ಪ್ಲೇಯನ್ನು ಬಂದ್ ಮಾಡಿ. ಆಗ ಡಬ್ಲ್ಯೂಪಿ ಕಂಟೆಂಟ್ ಫೋಲ್ಡರ್‌ನಲ್ಲಿ ಡಿಬಗ್.ಲಾಗ್ ಹುಟ್ಟುತ್ತದೆ.

ಲಾಗ್ ತೆರೆದರೆ ಇನ್ನೊಂದು ಭಯ, ನಲವತ್ತು ಸಾಲಿನ ಇಂಗ್ಲಿಷ್. ಎಲ್ಲವನ್ನೂ ಓದಬೇಕಿಲ್ಲ. ಪೈಥಾನ್‌ನಲ್ಲಿ ಕೊನೆಯ ಸಾಲಿನಿಂದ ಓದಲು ಶುರುಮಾಡಿ, ಏನಾಯಿತು ಎಂಬುದು ಅಲ್ಲಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ಅದು ಮೇಲಿನ ಸಾಲಿನಲ್ಲಿರುತ್ತದೆ. ನಂತರ ನೀವೇ ಬರೆದ ಫೈಲ್‌ನ ಹೆಸರು ಎಲ್ಲಿ ಬರುತ್ತದೆ ನೋಡಿ, ಉಳಿದವೆಲ್ಲ ಲೈಬ್ರರಿಗಳ ಒಳದಾರಿ. ಸಾಲಿನ ಸಂಖ್ಯೆಯನ್ನು ನಂಬಿ, ಆದರೆ ಪೂರ್ತಿ ನಂಬಬೇಡಿ. 27ನೇ ಸಾಲಿನಲ್ಲಿ ವ್ಯಾಕರಣ ತಪ್ಪಿದೆ ಎಂದು ಪಿಎಚ್‌ಪಿ ಹೇಳಿದರೆ ಸೆಮಿಕೋಲನ್ ಬಿಟ್ಟುಹೋಗಿರುವುದು ಬಹುಶಃ 26ರಲ್ಲಿ. ಮುಂದಿನ ಸಾಲಿಗೆ ಬಂದ ಮೇಲಷ್ಟೇ ಅದಕ್ಕೆ ತಪ್ಪಿನ ಅರಿವಾಗಿರುತ್ತದೆ.

ಮೊದಲು ಹೇಳಿದ ರಾಜ್ಯೋತ್ಸವದ ನೋಂದಣಿಗೇ ಬರೋಣ. ಹಲವರ ಹೆಸರು ಸರಾಗವಾಗಿ ದಾಖಲಾಗಿ, ಕೆಲವರಿಗೆ ಮಾತ್ರ 500 ಬರುತ್ತಿದೆ ಎಂದಿಟ್ಟುಕೊಳ್ಳಿ. ಲಾಗ್‌ನಲ್ಲಿ 'ಇನ್‌ಕರೆಕ್ಟ್ ಸ್ಟ್ರಿಂಗ್ ವ್ಯಾಲ್ಯೂ' ಎಂದಿದೆ. ಕನ್ನಡ ಅಕ್ಷರವೇ ಕಾರಣ ಎಂದು ಮೊದಲು ಅನಿಸುತ್ತದೆ. ಆದರೆ ಕನ್ನಡದಲ್ಲೇ ಹೆಸರು ಬರೆದ ಎಷ್ಟೋ ಜನರದ್ದು ಸೇರಿದೆ. ವ್ಯತ್ಯಾಸವಿರುವುದು ಸಂದೇಶದ ಕೊನೆಯ ಎಮೋಜಿಯಲ್ಲಿ. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಒಂದು ಸಂಕೇತಕ್ಕೆ 3 ಬೈಟ್‌ವರೆಗೆ ಮಾತ್ರ ಜಾಗ ಕೊಡುತ್ತದೆ. ಕನ್ನಡ ಅದರಲ್ಲಿ ಹಿಡಿಸುತ್ತದೆ, 4 ಬೈಟ್ ಬೇಡುವ ಕೈಮುಗಿಯುವ ಎಮೋಜಿ ಹಿಡಿಸುವುದಿಲ್ಲ. ಕೋಷ್ಟಕವನ್ನು 'ಯುಟಿಎಫ್8ಎಂಬಿ4'ಗೆ ಬದಲಿಸಿದರೆ ಮುಗಿಯಿತು. ಮೈಎಸ್‌ಕ್ಯೂಎಲ್ 8ರಲ್ಲಿ ಅದೇ ಮಾಮೂಲು ವ್ಯವಸ್ಥೆ, ಹಳೆಯ ಹೋಸ್ಟಿಂಗ್‌ಗಳಲ್ಲಿ ಮಾತ್ರ ಈ ಬಲೆ ಉಳಿದಿದೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬ ಪ್ರಶ್ನೆಗೆ ಇರುವ ಬೆಲೆ ಇದು.

ಎಲ್ಲರಿಗೂ, ಎಲ್ಲ ಪುಟಕ್ಕೂ 500 ಬಂದರೆ ಕೊನೆಯದಾಗಿ ಏನು ಬದಲಿಸಿದಿರಿ ಎಂಬುದೇ ಸುಳಿವು. ಅಪಾಚೆ ಸರ್ವರ್‌ನ ಡಾಟ್ ಎಚ್‌ಟಿಆಕ್ಸೆಸ್ ಫೈಲ್‌ನಲ್ಲಿ ಒಂದಕ್ಷರ ತಪ್ಪಿದರೂ ಇಡೀ ಸೈಟ್ ಮಲಗುತ್ತದೆ. ಆ ಫೈಲ್‌ನ ಹೆಸರು ತಾತ್ಕಾಲಿಕವಾಗಿ ಬದಲಿಸಿ ನೋಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಹೊಸ ಪ್ಲಗಿನ್ ಹಾಕಿದ ಮೇಲೆ ಹೀಗಾದರೆ ಪ್ಲಗಿನ್ ಫೋಲ್ಡರ್‌ಗೂ ಅದೇ ಚಿಕಿತ್ಸೆ. 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನೇ ಅಡ್ಮಿನ್ ಇಮೇಲ್‌ಗೆ ಚೇತರಿಕೆಯ ಲಿಂಕ್ ಕಳುಹಿಸುತ್ತದೆ. ಆ ಇಮೇಲ್ ಯಾರದು ಎಂಬ ಪ್ರಶ್ನೆ ಮತ್ತೆ ಹಳೆಯ ಕಾರ್ಯದರ್ಶಿಯ ಬಾಗಿಲಿಗೆ ಕರೆದೊಯ್ಯಬಹುದು.

502, 503, 504: ಮಾಣಿ ಮತ್ತು ಅಡುಗೆಮನೆ

ಇವು ಅರ್ಥವಾಗಲು ಮಾಟುಂಗಾದ ಉಡುಪಿ ಹೋಟೆಲ್ ನೆನೆಸಿಕೊಂಡರೆ ಸಾಕು. ಗಿರಾಕಿಯ ಜೊತೆ ಮಾತನಾಡುವುದು ಮಾಣಿ, ದೋಸೆ ಹುಯ್ಯುವುದು ಒಳಗಿನ ಭಟ್ಟರು. ವೆಬ್‌ನಲ್ಲೂ ಎನ್‌ಜಿನ್‌ಎಕ್ಸ್ ಅಥವಾ ಕ್ಲೌಡ್‌ಫ್ಲೇರ್‌ನಂತಹ ಮಾಣಿ ಮುಂದೆ ನಿಂತಿರುತ್ತಾನೆ, ನಿಮ್ಮ ಕೋಡ್ ಒಳಗಿರುತ್ತದೆ. ಒಳಗೆ ಭಟ್ಟರೇ ಇಲ್ಲ, ಅಥವಾ ಏನೋ ಅರ್ಥವಾಗದ್ದನ್ನು ಕೊಟ್ಟು ಕಳುಹಿಸಿದರು ಎಂದು ಮಾಣಿ ಬರಿಗೈಯಲ್ಲಿ ಬಂದರೆ 502. ಕಾದು ಕಾದು ದೋಸೆ ಬರಲೇ ಇಲ್ಲ ಎಂದರೆ 504. ಎನ್‌ಜಿನ್‌ಎಕ್ಸ್ ಮಾಮೂಲಾಗಿ ಕಾಯುವುದು 60 ಸೆಕೆಂಡ್. ಈಗ ಆಗುವುದಿಲ್ಲ, ಆಮೇಲೆ ಬನ್ನಿ ಎಂಬ ಬೋರ್ಡ್ 503.

ಹಾಗಾಗಿ 502 ಬಂದರೆ ನಿಮ್ಮ ಅಪ್ಲಿಕೇಶನ್ ನಿಂತುಹೋಗಿದೆಯೇ, ಮಾಣಿ ತಟ್ಟುತ್ತಿರುವ ಪೋರ್ಟ್ ಸರಿಯೇ ಎಂದು ನೋಡಿ. 504ಕ್ಕೆ ಕಾಯುವ ಸಮಯ ಹೆಚ್ಚಿಸುವುದು ಸುಲಭದ ಉಪಾಯ, ಆದರೆ ಒಂದು ನಿಮಿಷ ಹಿಡಿಯುವ ಡೇಟಾಬೇಸ್ ಪ್ರಶ್ನೆಯನ್ನು ಸರಿಪಡಿಸುವುದೇ ಸರಿಯಾದ ದಾರಿ. 18 ದಾಟಿದವರ ಕೋವಿಡ್ ಲಸಿಕೆ ನೋಂದಣಿಗೆ 2021ರ ಏಪ್ರಿಲ್ 28ರ ಸಂಜೆ 4ಕ್ಕೆ ಕೋವಿನ್ ಪೋರ್ಟಲ್ ತೆರೆದಾಗ ಏನಾಯಿತೆಂದು ದೇಶಕ್ಕೇ ಗೊತ್ತು. ಕೋಡ್‌ನಲ್ಲಿ ತಪ್ಪಿಲ್ಲದಿದ್ದರೂ ಏಕಕಾಲಕ್ಕೆ ಎಲ್ಲರೂ ಬಾಗಿಲಿಗೆ ನುಗ್ಗಿದರೆ ಯಾವ ಸರ್ವರ್ ಕೂಡ ತತ್ತರಿಸಬಹುದು.

ಕೆಲವೊಮ್ಮೆ ತಪ್ಪು ನಿಮ್ಮದಲ್ಲವೇ ಅಲ್ಲ. 2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಎಂಜಿನಿಯರ್‌ಗಳು ಹಾಕಿದ ಒಂದು ಹುಡುಕು ಸೂತ್ರ ಅದರ ಯಂತ್ರಗಳ ಶಕ್ತಿಯನ್ನೆಲ್ಲ ನುಂಗಿತು. ಜಗತ್ತಿನಾದ್ಯಂತ ಸೈಟ್‌ಗಳು ಸುಮಾರು ಅರ್ಧ ಗಂಟೆ 502 ತೋರಿಸಿದವು. 2025ರ ನವೆಂಬರ್ 18ರಂದು ಅದೇ ಸಂಸ್ಥೆಯ ಒಂದು ಫೈಲ್ ನಿಗದಿತ ಮಿತಿ ಮೀರಿ ಬೆಳೆದಿದ್ದರಿಂದ ಎಕ್ಸ್, ಚಾಟ್‌ಜಿಪಿಟಿಯಂತಹ ಸೇವೆಗಳೂ ಮುಗ್ಗರಿಸಿದವು. ಇಂತಹ ದಿನ ತಮ್ಮ ಸರಿಯಾದ ಕೋಡನ್ನು ಕೆಡಿಸಿಕೊಂಡವರೂ ಇರುತ್ತಾರೆ. ಕೈ ಹಾಕುವ ಮೊದಲು ಹೋಸ್ಟಿಂಗ್ ಕಂಪನಿಯ ಸ್ಟೇಟಸ್ ಪುಟ ನೋಡುವುದಕ್ಕೆ ಒಂದು ನಿಮಿಷವೂ ಬೇಡ.

ಸಹಾಯ ಕೇಳುವ ಮೊದಲು

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಮುನ್ನ ಒಂದು ಪ್ರತಿ ತೆಗೆದಿಡುವುದು. ಗಿಟ್ ಕಲಿತಿದ್ದರೆ ಇನ್ನೂ ಸುಲಭ. ಸರ್ಚ್ ಮಾಡುವಾಗ ಎರರ್ ಸಾಲಿನಿಂದ ನಿಮ್ಮ ಫೋಲ್ಡರ್ ಮತ್ತು ಸೈಟ್ ಹೆಸರನ್ನು ತೆಗೆದು ಉಳಿದದ್ದನ್ನು ಹಾಕಿ. ಗೆಳೆಯರನ್ನೋ ಎಐ ಚಾಟ್‌ಬಾಟನ್ನೋ ಕೇಳುವಾಗ 'ಸೈಟ್ ಬರ್ತಿಲ್ಲ' ಎನ್ನುವುದಕ್ಕಿಂತ ಯಾವ ವಿಳಾಸ, ಯಾವ ಸಂಖ್ಯೆ, ಲಾಗ್‌ನ ಯಾವ ಸಾಲು, ಕೊನೆಯದಾಗಿ ಬದಲಿಸಿದ್ದೇನು ಎಂದು ಹೇಳಿದರೆ ಉತ್ತರ ಬೇಗ ಸಿಗುತ್ತದೆ.

ಆದರೆ ಸ್ಕ್ರೀನ್‌ಶಾಟ್ ಹಂಚುವ ಮುನ್ನ ಎರಡು ಬಾರಿ ನೋಡಿ. ಅಭ್ಯಾಸದ ವೇಳೆ ಚಾಲೂ ಇಟ್ಟ ಡಿಬಗ್ ವ್ಯವಸ್ಥೆಯನ್ನು ಸೈಟ್ ಬಿಡುಗಡೆಯಾದ ಮೇಲೂ ಹಾಗೇ ಬಿಟ್ಟರೆ ಎರರ್ ಪೇಜ್‌ನಲ್ಲಿ ಫೋಲ್ಡರ್ ದಾರಿ, ಕೋಡ್‌ನ ತುಣುಕು, ಕೆಲವೊಮ್ಮೆ ಡೇಟಾಬೇಸ್ ಪಾಸ್‌ವರ್ಡ್ ಕೂಡ ಕಾಣುತ್ತದೆ. ನೋಂದಣಿ ಪುಟದ ಹಿಂದೆ ನೂರಾರು ಕುಟುಂಬಗಳ ಫೋನ್ ನಂಬರ್, ವಿಳಾಸ, ಮಕ್ಕಳ ವಯಸ್ಸು ಇರುತ್ತವೆ. ಪಾಸ್‌ವರ್ಡ್ ಒಮ್ಮೆ ಗ್ರೂಪ್‌ಗೆ ಹೋದರೆ ಚಿತ್ರ ಅಳಿಸಿ ಪ್ರಯೋಜನವಿಲ್ಲ, ಪಾಸ್‌ವರ್ಡನ್ನೇ ಬದಲಿಸಬೇಕು.

ಎಲ್ಲ ಸರಿಹೋದ ಮೇಲೆ ಇನ್ನೊಂದು ಸಣ್ಣ ಕೆಲಸ ಉಳಿಯುತ್ತದೆ. ಸರ್ವರ್ ಕೊಡುವ ಇಂಗ್ಲಿಷ್ 404ರ ಬದಲು ಕನ್ನಡದಲ್ಲೇ ಒಂದು ಪುಟ ಬರೆದಿಡಿ. ಹುಡುಕಿದ್ದು ಇಲ್ಲಿಲ್ಲ ಎಂಬ ಒಂದು ಸಾಲು, ಮುಖಪುಟದ ಲಿಂಕ್, ಸಂಘದ ಇಮೇಲ್ ಇದ್ದರೆ ಸಾಕು. ಮೊಬೈಲ್‌ನಲ್ಲಿ ಮೊದಲ ಬಾರಿ ಫಾರ್ಮ್ ತುಂಬುವ ಹಿರಿಯರಿಗೆ ತಮ್ಮಿಂದಲೇ ಏನೋ ಕೆಟ್ಟುಹೋಯಿತು ಎಂಬ ಆತಂಕ ತಪ್ಪುತ್ತದೆ. ಆ ಪುಟ 200 ಸಂಖ್ಯೆಯೊಂದಿಗೆ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಗೂಗಲ್ ಅದನ್ನು ನಿಜವಾದ ಪುಟ ಎಂದುಕೊಳ್ಳಬಹುದು. ಪರೀಕ್ಷೆ ಸುಲಭ: ಸೈಟ್ ವಿಳಾಸದ ಮುಂದೆ ಬಾಯಿಗೆ ಬಂದ ಯಾವುದಾದರೂ ಪದ ಟೈಪ್ ಮಾಡಿ, ನೆಟ್‌ವರ್ಕ್ ಟ್ಯಾಬ್‌ನ ಮೊದಲ ಸಾಲಿನಲ್ಲಿ 404 ಇದೆಯೇ ನೋಡಿ.